ನೆಟ್ಟಗಾದ ಮೀನು

“ಇದ್ರಲ್ಲಿ ತಪ್ಪೇ ಇಲ್ವಲ್ಲಮ್ಮ,” ಎಂದರು ದೋನಾ ಯುಫ್ರಾಜಿಯಾ, ಕನ್ನಡಕವನ್ನು ಹಣೆಗೇರಿಸುತ್ತ. “ಜಿಂಜಾ ಕುಡಿಸೋಕೆ ಮನಸ್ಸಿಲ್ಲ ಅಂದ್ರೆ ಬಾಯಿಬಿಟ್ಟು ಹೇಳ್ಬಿಡು. ನಾವೇನೂ ಅಳಲ್ಲ.”

ಹಿಂದಿದ್ದ ಇಪ್ಪತ್ತೇಳು ಮಂದಿ ಗೊಳ್ಳೆಂದು ನಕ್ಕರು. ಬ್ರಾಗಾದ ಅಂಚೆ ಕಚೇರಿಯಿಂದ ನಿವೃತ್ತರಾದವರ ಗುಂಪು ಅದು. ಬೆಳಗ್ಗೆ ಏಳಕ್ಕೆ ಲಿಸ್ಬನ್ನಿನಲ್ಲಿ ಬಸ್ ಹತ್ತಿ, ಒಬಿದೂಶ್ ಕೋಟೆಗೋಡೆಯ ಮೇಲೆ ಏದುಸಿರು ಬಿಡುತ್ತ ಒಂದು ಸುತ್ತು ಹಾಕಿ, ಪೆನೀಶ್ ಬಂದರಿನಲ್ಲಿ ಸುಟ್ಟ ಬೂತಾಯಿ ಮೀನನ್ನು ಹೊಟ್ಟೆ ತುಂಬ ತಿಂದು, ಮೂರರ ಹೊತ್ತಿಗೆ ಫೋಜ್ ದ ಲಾಪಾ ಎಂಬ ಈ ಮೀನುಗಾರರ ಊರಿಗೆ ಬಂದಿಳಿದಿದ್ದರು. ನೋಡಬೇಕಾದ ಊರುಗಳಲ್ಲಿ ನಜರೆ ಇನ್ನೂ ಬಾಕಿಯಿತ್ತು.

ಗೈಡ್ ಲುಸಿಂದಾಗೆ ಮಾತ್ರ ನಗು ಬರಲಿಲ್ಲ. ಅವಳು ಗೋಡೆಯನ್ನೇ ನೋಡುತ್ತ ನಿಂತಿದ್ದಳು.

ಇಪ್ಪತ್ತಾರು ವರ್ಷದಿಂದ ಅವಳು ಆಡಿಸುತ್ತಿದ್ದ ಆಟ ಅದು. ಇಗರ್ಜಿಯ ಬಾಗಿಲ ಹಿಂದಿನ ಕತ್ತಲೆ ಮೂಲೆಗೆ ಪ್ರವಾಸಿಗರನ್ನು ಕರೆದುಕೊಂಡು ಬಂದು, ನೂರಾ ನಲವತ್ತು ನೀಲಿ ಟೈಲುಗಳನ್ನು ಜೋಡಿಸಿ ಮಾಡಿದ ಸಮುದ್ರದ ಚಿತ್ರದ ಮುಂದೆ ನಿಲ್ಲಿಸಿ, “ಇದರಲ್ಲಿ ಒಂದು ತಪ್ಪಿದೆ, ಮೊದಲು ಕಂಡುಹಿಡಿದವರಿಗೆ ನನ್ನ ಕಡೆಯಿಂದ ಒಂದು ಲೋಟ ಜಿಂಜಾ” ಎನ್ನುವಳು. ಚೆರಿ ಹಣ್ಣಿನ ಆ ಮದ್ಯದ ಸೀಸೆ ಅವಳ ಚೀಲದಲ್ಲೇ ಇರುತ್ತಿತ್ತು. ಯಾವ ಗುಂಪಿಗೂ ಐದು ನಿಮಿಷಕ್ಕಿಂತ ಹೆಚ್ಚು ಹಿಡಿದಿರಲಿಲ್ಲ.

ಕೆಳಗಿನಿಂದ ಮೂರನೆಯ ಸಾಲು, ಬಲಗಡೆಯ ಅಂಚು. ನೀರಿನಿಂದ ಮೇಲಕ್ಕೆ ನೆಗೆಯುವ ಒಂದು ಮೀನು. ಇನ್ನೂರೈವತ್ತು ವರ್ಷದ ಹಿಂದೆ ಗೋಡೆ ಕಟ್ಟಿದವನು ಯಾವ ಧ್ಯಾನದಲ್ಲಿದ್ದನೋ, ಆ ಒಂದು ಟೈಲನ್ನು ಮಾತ್ರ ತಲೆಕೆಳಗಾಗಿ ಕೂರಿಸಿಬಿಟ್ಟಿದ್ದ. ಮೇಲೆ ನೀರು, ಕೆಳಗೆ ಆಕಾಶ, ನಡುವೆ ಹೊಟ್ಟೆ ಮೇಲಾದ ಮೀನು. ಊರವರು ಅದರ ಗೊಡವೆಗೆ ಹೋಗುತ್ತಿರಲಿಲ್ಲ. ಅವರಿಗೆ ಪೂಜೆಯಾಗಬೇಕು, ಮನೆಗೆ ಹೋಗಬೇಕು, ಅಷ್ಟೆ.

ಇವತ್ತು ಮೀನು ನೆಟ್ಟಗಿತ್ತು.

ಐದು ತಿಂಗಳು ದುರಸ್ತಿಗೆಂದು ಮುಚ್ಚಿದ್ದ ಇಗರ್ಜಿ ಹದಿನೈದು ದಿನದ ಹಿಂದೆ ತೆರೆದ ಮೇಲೆ ಲುಸಿಂದಾ ಒಳಗೆ ಕಾಲಿಟ್ಟದ್ದು ಇದೇ ಮೊದಲು. ಭಾನುವಾರ ಊರಿಗೆ ಓಡಿಬಂದಿದ್ದಳು ನಿಜ, ಆದರೆ ಬಂದದ್ದು ಪೊಲೀಸ್ ಠಾಣೆಗೆ. ಈ ಗೋಡೆಯ ಮುಂದೆ ತೂಗುತ್ತಿದ್ದ ಬೆಳ್ಳಿ ದೀಪವನ್ನು ಕದ್ದನೆಂದು ಹಿಡಿದಿದ್ದು ಅವಳ ಅಪ್ಪನನ್ನು, ನಲವತ್ತು ವರ್ಷ ಇಗರ್ಜಿಯ ಬೀಗದ ಕೈ ಕಾಯ್ದ ಜೆಫೆರೀನುವನ್ನು. ನಾಳೆ ಬೆಳಗ್ಗೆ ಹತ್ತಕ್ಕೆ ಅವನು ನ್ಯಾಯಾಧೀಶರ ಮುಂದೆ ನಿಲ್ಲಬೇಕು. ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗುತ್ತದೆ ಎಂದು ವಕೀಲನೇ ಹೇಳಿದ್ದ.

“ಅದು ನಮ್ಮ ಗೋಡೆ ಅಲ್ಲ ಮಗಳೇ,” ಎಂದಿದ್ದ ಅಪ್ಪ ಅವತ್ತು ಠಾಣೆಯ ಬೆಂಚಿನ ಮೇಲೆ ಕೂತು. “ದೀಪದ ಮಾತು ಬಿಡು. ಚಿತ್ರಾನೇ ಹೋಗಿದೆ.” ಎರಡೂ ಕಣ್ಣಿಗೆ ಪೊರೆ ಬಂದ ಮುದುಕನ ಮಾತು. ಪಾದ್ರಿ ನಕ್ಕಿದ್ದರು, ಊರು ನಕ್ಕಿತ್ತು. ಲುಸಿಂದಾ ಕೂಡ ತಲೆ ಸವರಿ ಸುಮ್ಮನಾಗಿಸಿದ್ದಳು. ಈಗ ಅದನ್ನು ನೆನೆದು ಅವಳಿಗೆ ನಾಚಿಕೆಯಾಯಿತು.

ಅವಳು ಬಗ್ಗಿ ಮೀನಿನ ಟೈಲನ್ನು ಹತ್ತಿರದಿಂದ ನೋಡಿದಳು. ಅದರ ಕೆಳಗಿನ ಬಲ ಮೂಲೆಯಲ್ಲಿ ಗೋಡೆಯಿಂದ ಕಬ್ಬಿಣದ ಕೊಕ್ಕೆ ಹೊರಗೆ ಚಾಚಿತ್ತು. ದೀಪ ತೂಗುತ್ತಿದ್ದ ಕೊಕ್ಕೆ. ಅದಕ್ಕೆ ಜಾಗ ಬಿಡಲು ಟೈಲಿನ ಆ ಮೂಲೆಯನ್ನು ಕತ್ತರಿಸಿದ್ದರು. ಅವಳು ಬೆರಳನ್ನು ಎದುರಿನ ಮೂಲೆಗೆ, ಮೇಲಿನ ಎಡ ಮೂಲೆಗೆ ಒಯ್ದಳು. ಅಲ್ಲಿ ಏನೂ ಇರಲಿಲ್ಲ. ನುಣುಪಾಗಿ, ಇಡಿಯಾಗಿ ಇತ್ತು.

ಲುಸಿಂದಾ ನೆಟ್ಟಗೆ ನಿಂತಳು.

“ಏನಾಯ್ತೇ? ಮುಖ ಬೆಳ್ಳಗಾಗಿದೆ,” ಎಂದರು ದೋನಾ ಯುಫ್ರಾಜಿಯಾ.

“ಏನಿಲ್ಲ. ಇವತ್ತು ಆಟ ಸ್ವಲ್ಪ ಬೇರೆ ಥರ ಆಡೋಣ,” ಎಂದಳು ಲುಸಿಂದಾ.

ಮೇಸ್ತ್ರಿ ವಲ್ದೆಮಾರ್ ಪಿಮೆಂತಾ ತೀರ್ಥದ ತೊಟ್ಟಿಯ ಪಕ್ಕದಲ್ಲೇ ಇದ್ದ. ಅಚ್ಚ ಬಿಳಿಯ ನಿಲುವಂಗಿ, ಬಾಚಿ ಕೂರಿಸಿದ ಬೆಳ್ಳಿಗೂದಲು. ಟೈಲುಗಳನ್ನು ಇಳಿಸಿ, ತೊಳೆದು, ಮತ್ತೆ ಗೋಡೆಗೆ ಕೂರಿಸಿದವನು ಇವನೇ. ಬಂದವರಿಗೆ ದುರಸ್ತಿಯ ಕಥೆ ಹೇಳಲು ಪಾದ್ರಿಗಳು ಈ ವಾರವಿಡೀ ಅವನನ್ನು ಇಲ್ಲಿ ನಿಲ್ಲಿಸಿದ್ದರು. ಇಗರ್ಜಿಗೆ ಇದ್ದದ್ದು ಎರಡು ಬೀಗದ ಕೈ. ಒಂದು ಜೆಫೆರೀನು ಬಳಿ, ಇನ್ನೊಂದು ಇವನ ಬಳಿ. ಇವನ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ದೀಪದ ಸರಪಳಿಯ ತುಂಡು ಸಿಕ್ಕಿದ್ದು ಜೆಫೆರೀನುವಿನ ಮಂಚದ ಕೆಳಗೆ.

ಬಾಗಿಲಲ್ಲಿ ದಫೇದಾರ ರೆಬೋಲು ಕಾವಲಿದ್ದ. ಜೇಬಿನಿಂದ ಉಪ್ಪುನೀರಲ್ಲಿ ನೆನೆಸಿದ ಕಾಳು ತೆಗೆದು, ಸಿಪ್ಪೆ ಸುಲಿದು ಬಾಯಿಗೆ ಎಸೆದುಕೊಳ್ಳುತ್ತಿದ್ದ.

ಲುಸಿಂದಾ ದನಿಯಲ್ಲಿ ಜೇನು ಬೆರೆಸಿದಳು. “ಮೇಸ್ತ್ರಿ, ನನ್ನ ಮೀನು ಎಲ್ಲೋಯ್ತು? ನಮ್ಮವರು ಅರ್ಧ ಗಂಟೆಯಿಂದ ಹುಡುಕ್ತಾ ಇದಾರೆ.”

“ಯಾವ ಮೀನು?”

“ಅದೇ, ಮಗುಚ್ಕೊಂಡು ಬಿದ್ದಿತ್ತಲ್ಲ.”

ವಲ್ದೆಮಾರ್ ನಕ್ಕ. ದೊಡ್ಡವರು ಮಕ್ಕಳ ಪ್ರಶ್ನೆಗೆ ನಗುವ ನಗು. “ಓ ಅದಾ. ಪಾಪ, ಇನ್ನೂರೈವತ್ತು ವರ್ಷ ತಲೆಕೆಳಗಾಗಿ ಈಜಿ ಸುಸ್ತಾಗಿತ್ತು. ಇಳಿಸಿದ್ಮೇಲೆ ತಿರುಗಿಸಿ ಕೂರಿಸ್ದೆ. ನೋಡೋಕೆ ಈಗ ಚೆನ್ನಾಗಿಲ್ವಾ?”

“ತುಂಬಾ ಚೆನ್ನಾಗಿದೆ. ಅದೇ ಟೈಲಾ?”

“ಅದೇ.”

“ಹೊಸದು ಮಾಡಿ ಕೂರಿಸಿದ್ದಲ್ಲ ತಾನೇ? ನನಗೆ ಗೊತ್ತಾಗಲ್ಲ ನೋಡಿ, ಅದಕ್ಕೆ ಕೇಳ್ತಾ ಇದೀನಿ.”

“ಇಡೀ ಗೋಡೇಲಿ ಒಂದೇ ಒಂದು ಟೈಲೂ ಹೊಸದಲ್ಲ ದೋನಾ ಲುಸಿಂದಾ. ಹಾಗಂತ ಇಗರ್ಜಿಗೆ ಬರೆದು, ರುಜು ಹಾಕಿ ಕೊಟ್ಟಿದೀನಿ.”

“ದಫೇದಾರ್ರೇ, ಕೇಳಿಸ್ತಾ?”

“ನನ್ನ ಕಿವಿಗೇನೂ ಆಗಿಲ್ಲ,” ಎಂದ ರೆಬೋಲು ಬಾಗಿಲಿನಿಂದಲೇ. “ಏನೀಗ?”

“ಒಂದು ಚೂರು ಒಳಗೆ ಬನ್ನಿ. ಮೇಸ್ತ್ರಿ, ಇನ್ನೊಂದೇ ಪ್ರಶ್ನೆ. ಈ ಕೊಕ್ಕೇನ ನೀವು ಅಲ್ಲಾಡಿಸಿದ್ರಾ?”

“ಅಲ್ಲಾಡಿಸೋಕಾಗುತ್ತಾ? ಕಲ್ಲಿಗೆ ಸೀಸ ಹೊಯ್ದು ಕೂರಿಸಿದಾರೆ. ಮೊದಲಿಂದ ಎಲ್ಲಿತ್ತೋ ಅಲ್ಲೇ ಇದೆ.”

ಲುಸಿಂದಾ ಇಷ್ಟಕ್ಕೇ ಕಾಯುತ್ತಿದ್ದಳು. ಚೀಲದಿಂದ ಒಂದು ಕಾಗದದ ಕರವಸ್ತ್ರ ತೆಗೆದು, ಚೌಕವಾಗಿ ಮಡಿಸಿ, ಪೆನ್ನಿನಿಂದ ಅದರ ಮೇಲೊಂದು ಮೀನು ಗೀಚಿದಳು. ಅದನ್ನು ತಲೆಕೆಳಗಾಗಿ ಹಿಡಿದು, ಕೆಳಗಿನ ಬಲ ಮೂಲೆಯನ್ನು ಹರಿದಳು.

“ನೋಡಿ. ಇದು ಹಳೇ ಟೈಲು. ಮೀನು ತಲೆಕೆಳಗೆ, ಕೊಕ್ಕೆಗೆ ಅಂತ ಈ ಮೂಲೆ ಕತ್ತರಿಸಿದೆ. ಈಗ ಮೇಸ್ತ್ರಿ ಹೇಳಿದ ಹಾಗೆ ತಿರುಗಿಸ್ತೀನಿ.” ಅವಳು ಕಾಗದವನ್ನು ನಿಧಾನವಾಗಿ ತಿರುಗಿಸಿದಳು. ಮೀನು ನೆಟ್ಟಗಾಯಿತು. ಹರಿದ ಮೂಲೆ ಮೇಲೆ, ಎಡಕ್ಕೆ ಹೋಯಿತು. “ಹರಿದ ಮೂಲೆ ಎಲ್ಲಿಗೆ ಬಂತು?”

ಅಂಚೆಯವರು ಕತ್ತು ಚಾಚಿದರು.

“ಅಯ್ಯೋ ದೇವ್ರೇ,” ಎಂದರು ದೋನಾ ಯುಫ್ರಾಜಿಯಾ. “ಸ್ಟಾಂಪು ತಿರುಗಿಸಿದ್ರೆ ಹರಿದ ಮೂಲೇನೂ ಅದರ ಜೊತೇಲೇ ತಿರುಗುತ್ತೆ. ನಲವತ್ತು ವರ್ಷ ಅದೇ ಕೆಲಸ ಮಾಡಿದೀನಿ.” ಆಕೆ ಗೋಡೆಯ ಹತ್ತಿರ ಹೋಗಿ ಮೂಗು ತಾಗಿಸುವಷ್ಟು ಬಗ್ಗಿದರು. “ಇಲ್ಲಿ ಮೇಲ್ಗಡೆ ಮೂಲೆ ಗಟ್ಟಿಯಾಗಿದೆ. ಕೆಳಗಡೆ ಮಾತ್ರ ಕತ್ತರಿಸಿದಾರೆ. ಇದು ಆ ಟೈಲಲ್ಲ.”

ಇಪ್ಪತ್ತೇಳು ಮಂದಿಯೂ ಒಟ್ಟಿಗೆ ಗೋಡೆಗೆ ಮುಗಿಬಿದ್ದರು. ಇಡೀ ಜೀವನ ವಿಳಾಸ, ಮುದ್ರೆ, ಅಂಚು, ಮೂಲೆ ನೋಡಿಯೇ ಸವೆದ ಜನ. ಇಂಥವರ ಮುಂದೆ ಸಿಕ್ಕಿಬಿದ್ದದ್ದು ವಲ್ದೆಮಾರನ ಗ್ರಹಚಾರ.

ರೆಬೋಲು ಕಾಳಿನ ಪೊಟ್ಟಣವನ್ನು ಜೇಬಿಗೆ ತುರುಕಿದ. “ಮೇಸ್ತ್ರಿ?”

“ಅದೊಂದು ಒಡೆದುಹೋಗಿತ್ತು,” ಎಂದ ವಲ್ದೆಮಾರ್. ದನಿ ಇನ್ನೂ ಗಟ್ಟಿಯಾಗಿತ್ತು. “ಈಗ ನೆನಪಾಯ್ತು. ಅದನ್ನ ಮಾತ್ರ ಹೊಸದಾಗಿ ಮಾಡ್ದೆ.”

“ಈಗ ತಾನೇ ಒಂದೂ ಹೊಸದಲ್ಲ ಅಂದ್ರಿ.”

“ನೂರಾ ನಲವತ್ತರಲ್ಲಿ ಒಂದು ಮರೆತುಹೋಗೋದು ಅಪರಾಧವಾ?”

“ಮರೆಯೋದು ಅಪರಾಧ ಅಲ್ಲ ಬಿಡಿ,” ಎಂದಳು ಲುಸಿಂದಾ. “ಹಾಗಾದ್ರೆ ಉಳಿದ ನೂರಾ ಮೂವತ್ತೊಂಬತ್ತು ಹಳೇವು. ಅದರಲ್ಲಿ ಯಾವುದಾದ್ರೂ ಒಂದನ್ನ ತೆಗೆದು ನೋಡೋಣ. ಯಾವುದು ಅಂತ ಆರಿಸೋಕೆ ನಮ್ಮಪ್ಪನ್ನ ಕರೀರಿ.”

“ಆ ಕುರುಡನ್ನಾ?” ವಲ್ದೆಮಾರನ ತುಟಿ ಸೊಟ್ಟಗಾಯಿತು.

“ಆ ಕುರುಡನ್ನೇ.”

ಜೆಫೆರೀನು ಹೊರಗೆ ಚೌಕದ ಕಲ್ಲುಬೆಂಚಿನ ಮೇಲೆ ಕೂತಿದ್ದ. ವಿಚಾರಣೆಯವರೆಗೆ ಬಿಟ್ಟಿದ್ದರೂ ಇಗರ್ಜಿಯ ಹೊಸಿಲು ದಾಟಕೂಡದೆಂದು ಅವನಿಗೆ ಆಜ್ಞೆಯಾಗಿತ್ತು. ಐದು ದಿನದಿಂದ ಅಲ್ಲಿಂದಲೇ ಗಂಟೆಯ ಸದ್ದು ಕೇಳುತ್ತಿದ್ದ. ರೆಬೋಲು ಬಾಗಿಲಿಗೆ ಹೋಗಿ ಟೋಪಿ ತೆಗೆದ. ಹಿಡಿದು ಹಾಕಿದವನೂ ಇವನೇ, ಚಿಕ್ಕಂದಿನಲ್ಲಿ ಇದೇ ಮುದುಕನ ಕೈಯಲ್ಲಿ ಗಂಟೆ ಬಾರಿಸುವುದನ್ನು ಕಲಿತವನೂ ಇವನೇ.

“ಜೆಫೆರೀನು ಮಾವ, ಬನ್ನಿ. ನಾನೇ ಕರೀತಾ ಇದೀನಿ. ಯಾರಾದ್ರೂ ಕೇಳಿದ್ರೆ ಜವಾಬು ನಂದು.”

ಮುದುಕ ಕೋಲೂರಿ ಎದ್ದ. ಹೊಸಿಲಲ್ಲಿ ಒಂದು ಕ್ಷಣ ನಿಂತು ಶಿಲುಬೆಯ ಗುರುತು ಮಾಡಿಕೊಂಡ. ಆಮೇಲೆ ಯಾರ ಕೈಯನ್ನೂ ಹಿಡಿಯದೆ ನೇರವಾಗಿ ಗೋಡೆಯ ಬಳಿಗೆ ನಡೆದ. ಅಂಚೆಯವರು ದಾರಿ ಬಿಟ್ಟರು.

ಅವನು ಎರಡೂ ಅಂಗೈಯನ್ನು ಟೈಲಿನ ಮೇಲಿಟ್ಟು ಸವರಿದ. “ನಲವತ್ತು ವರ್ಷ ಪ್ರತಿ ಶನಿವಾರ ಒರೆಸಿದೀನಿ,” ಎಂದ. “ಹಳೇ ಟೈಲು ಕೈಯಲ್ಲಿ ತಟ್ಟಿದ್ದು. ಒಂದು ದಪ್ಪ, ಒಂದು ತೆಳು. ಸಂದು ಸಂದಿಗೂ ಉಗುರು ತಡೀತಿತ್ತು, ಬಟ್ಟೆ ಸಿಕ್ಕಿ ಹರೀತಿತ್ತು. ಇದು ನೋಡಿ, ಊಟದ ಮೇಜು ಸವರಿದ ಹಾಗಿದೆ. ಹದಿನೈದು ದಿನದಿಂದ ಇದನ್ನೇ ಬಡ್ಕೊಂಡೆ.”

ದೋನಾ ಯುಫ್ರಾಜಿಯಾ ತಾವೂ ಕೈಯಾಡಿಸಿ ನೋಡಿದರು. “ಹೌದು ಕಣ್ರೀ. ಎಲ್ಲೂ ತಡೆಯಲ್ಲ.”

“ಯಾವುದು ತೆಗೀಲಿ ಮಾವ?” ಎಂದ ರೆಬೋಲು.

“ಯಾವುದಾದ್ರೂ ತೆಗಿ. ಎಲ್ಲ ಒಂದೇ ತಾಯಿ ಮಕ್ಕಳು.”

ರೆಬೋಲು ವಲ್ದೆಮಾರನ ಸಾಮಾನಿನ ಪೆಟ್ಟಿಗೆಯಿಂದ ಉಳಿ, ಸುತ್ತಿಗೆ ತೆಗೆದ. ವಲ್ದೆಮಾರ್ ಅಡ್ಡ ಬಂದ. “ಇದು ಪವಿತ್ರ ಜಾಗ. ನಿನಗೇನು ಅಧಿಕಾರ?”

“ಇಲ್ಲಿ ಕಳ್ಳತನ ಆಗಿದೆ. ತನಿಖೆ ನಂದು. ಪಕ್ಕಕ್ಕೆ ನಿಂತ್ಕೊಳ್ಳಿ.”

ಮೂಲೆಯ ಒಂದು ಟೈಲಿನ ಸಂದಿಗೆ ಉಳಿಯಿಟ್ಟು ನಾಲ್ಕು ಪೆಟ್ಟು ಕೊಟ್ಟ. ಗಾರೆ ಇನ್ನೂ ಹಸಿಯೇ ಇತ್ತೋ ಏನೋ, ಟೈಲು ಇಡಿಯಾಗಿ ಕೈಗೆ ಬಂತು. ರೆಬೋಲು ಅದನ್ನು ತಿರುಗಿಸಿ ಒರೆಸಿದ. ಬೆನ್ನ ತುಂಬ ಅಚ್ಚುಕಟ್ಟಾದ ಸಾಲು ಗೀರುಗಳು. ಯಂತ್ರದಲ್ಲಿ ಒತ್ತಿದ್ದು. ಈಗಿನ ಕಾರ್ಖಾನೆಯಲ್ಲಿ ಮಾಡಿ, ಈಗಿನ ಅಂಗಡಿಯಲ್ಲಿ ಕಟ್ಟುಗಟ್ಟಲೆ ಸಿಗುವ ಖಾಲಿ ಟೈಲಿನ ಬೆನ್ನು.

“ನಮ್ಮ ಸ್ನಾನದ ಮನೇಲಿ ಇದೇ ಇದೆ,” ಎಂದ ರೆಬೋಲು ನಿಧಾನವಾಗಿ.

ಯಾರೋ ಚಪ್ಪಾಳೆ ತಟ್ಟಿದರು. ಇಗರ್ಜಿ ಎಂದು ನೆನಪಾಗಿ ನಿಲ್ಲಿಸಿದರು.

ಲುಸಿಂದಾ ವಲ್ದೆಮಾರನ ಎದುರಿಗೆ ಬಂದು ನಿಂತಳು. “ಎಲ್ಲ ಸರಿಯಾಗಿ ಮಾಡಿದ್ರಿ ಮೇಸ್ತ್ರಿ. ಬಣ್ಣ ಅದೇ, ಬಿರುಕು ಅದೇ, ಮೇಲಿನ ಕೊಳೆ ಕೂಡ ಅದೇ. ಆ ಒಂದು ಮೀನನ್ನ ಹೇಗಿತ್ತೋ ಹಾಗೇ ಬಿಟ್ಟಿದ್ರೆ ನನಗೆ ಜನ್ಮದಲ್ಲಿ ಗೊತ್ತಾಗ್ತಿರಲಿಲ್ಲ. ಯಾಕೆ ತಿರುಗಿಸಿದ್ರಿ?”

ವಲ್ದೆಮಾರ್ ತನ್ನ ಕೈಗಳನ್ನು ನೋಡಿಕೊಂಡ.

“ಮೂರು ಸಲ ತಲೆಕೆಳಗಾಗಿ ಇಟ್ಟೆ,” ಎಂದ. “ಮೂರು ಸಲವೂ ತೆಗೆದೆ. ಅದು ಯಾವನೋ ಕುಡುಕನ ತಪ್ಪು. ಮೂವತ್ತೆಂಟು ವರ್ಷ ಈ ಕಸುಬು ಮಾಡಿದವನು ನಾನು. ನನ್ನ ಕೈಯಾರೆ ತಪ್ಪು ಕೂರಿಸಿ ಹೋಗೋಕೆ ಆಗ್ಲಿಲ್ಲ.”

ಕಳ್ಳತನ ಮಾಡಲು ನಾಚದವನು ಒಂದು ಟೈಲನ್ನು ಸೊಟ್ಟ ಕೂರಿಸಲು ನಾಚಿದ್ದ. ಲುಸಿಂದಾಗೆ ಅವನ ಮೇಲೆ ಒಂದು ಕ್ಷಣ ಕನಿಕರ ಬಂತು. ಅಪ್ಪನ ಐದು ದಿನದ ಕಲ್ಲುಬೆಂಚು ನೆನಪಾಗಿ ಅದು ಅಲ್ಲೇ ಆರಿಹೋಯಿತು.

“ಹಳೇವು ಎಲ್ಲಿ?” ಎಂದ ರೆಬೋಲು.

“ಬಂದರಿನ ಪಕ್ಕ. ನನ್ನ ಕಾರ್ಖಾನೆಯ ಅಟ್ಟದ ಮೇಲೆ, ಲಿಸ್ಬನ್ನಿನ ಗಿರಾಕಿಗೆ ಮಾರೋಕೆ ಅಂತ ಕಟ್ಟಿಟ್ಟಿದೀನಿ. ಹದಿನಾಲ್ಕು ಪೆಟ್ಟಿಗೆ.”

“ದೀಪ?”

“ದೀಪ ನಾನು ಮುಟ್ಟಿಲ್ಲ.”

ಜನ ಓಹೋ ಎಂದು ಕೂಗಿದರು. “ಸರಪಳಿ ಅದಾಗೇ ನಡ್ಕೊಂಡು ಹೋಗಿ ಮಂಚದ ಕೆಳಗೆ ಮಲಗ್ತಾ?” ಎಂದರು ದೋನಾ ಯುಫ್ರಾಜಿಯಾ.

“ನಮ್ಮಮ್ಮನಾಣೆ,” ಎಂದ ವಲ್ದೆಮಾರ್. “ನೂರಾ ನಲವತ್ತು ಟೈಲು ಒಪ್ಪಿಕೊಂಡೆ. ಒಂದು ದೀಪಕ್ಕೆ ಯಾಕೆ ಸುಳ್ಳು ಹೇಳ್ಲಿ? ಅದರ ಸುದ್ದಿ ನನಗೆ ಗೊತ್ತಿಲ್ಲ.”

“ನ್ಯಾಯಾಧೀಶರ ಮುಂದೆ ಹೇಳು,” ಎಂದ ರೆಬೋಲು. ಬಹುವಚನ ಅಷ್ಟರಲ್ಲೇ ಬಿದ್ದುಹೋಗಿತ್ತು. ಅವನ ಕೈಗೆ ಕೋಳ ಹಾಕಿ, ಠಾಣೆಗೆ ಫೋನ್ ಮಾಡಿದ.

ಇಪ್ಪತ್ತು ನಿಮಿಷದಲ್ಲಿ ಬಂದರಿನಿಂದ ಸುದ್ದಿ ಬಂತು. ಹದಿನಾಲ್ಕು ಪೆಟ್ಟಿಗೆ, ಒಂದೂ ಒಡೆದಿಲ್ಲ. ಮೂಲೆ ಕತ್ತರಿಸಿದ ಮೀನು ಎಲ್ಲಕ್ಕಿಂತ ಮೇಲೆ, ಹತ್ತಿಯಲ್ಲಿ ಸುತ್ತಿಟ್ಟಿತ್ತು.

ಅಲ್ಲಿಗೆ ಚೌಕದಲ್ಲಿ ಹಬ್ಬವೇ ಶುರುವಾಯಿತು. ಬಲೆ ಹೊಲಿಯುತ್ತಿದ್ದವರು ಬಲೆ ಬಿಟ್ಟು ಬಂದರು, ಮೀನು ಒಣಗಿಸುತ್ತಿದ್ದ ಹೆಂಗಸರು ಕೈ ಒರೆಸಿಕೊಳ್ಳುತ್ತ ಬಂದರು. ಹದಿನೈದು ದಿನ ನಕ್ಕಿದ್ದವರೆಲ್ಲ ಜೆಫೆರೀನುವಿನ ಬೆನ್ನು ತಟ್ಟಲು ನಾ ಮುಂದು ತಾ ಮುಂದು ಎಂದರು. ಪಾದ್ರಿಗಳು ಓಡಿಬಂದು ಮುದುಕನ ಎರಡೂ ಕೈ ಹಿಡಿದು, “ನನ್ನ ಕಣ್ಣಿಗೇ ಪೊರೆ ಬಂದಿತ್ತಪ್ಪ” ಎಂದರು. ಯಾರೋ ಗೋಪುರ ಹತ್ತಿ ಗಂಟೆ ಬಾರಿಸಿದರು. ಲುಸಿಂದಾ ಸೀಸೆ ತೆಗೆದು ಚಾಕಲೇಟಿನಿಂದಲೇ ಮಾಡಿದ ಸಣ್ಣ ಲೋಟಗಳಿಗೆ ಜಿಂಜಾ ಸುರಿದು ಎಲ್ಲರಿಗೂ ಕೊಟ್ಟಳು. ಸೀಸೆ ಸಾಲದೆ ಎದುರಿನ ಹೋಟೆಲಿನವನು ಇನ್ನೆರಡು ತಂದ. ನಜರೆಗೆ ಹೊತ್ತಾಯಿತೆಂದು ಒಬ್ಬರೂ ಸೊಲ್ಲೆತ್ತಲಿಲ್ಲ.

ಲುಸಿಂದಾಳ ಎದೆ ತುಂಬಿ ಬಂದಿತ್ತು. ಇಪ್ಪತ್ತಾರು ವರ್ಷ ಊರೂರು ಸುತ್ತಿ ಬೇರೆಯವರ ಗೆಲುವಿನ ಕಥೆ ಹೇಳಿದವಳು. ಇವತ್ತಿನದು ಅವಳದೇ ಆಗಿತ್ತು.

ಜೆಫೆರೀನು ಗದ್ದಲದಲ್ಲಿ ತಡವಿಕೊಂಡು ಬಂದು ಅವಳ ಮೊಣಕೈ ಹಿಡಿದ. “ಈ ಕಡೆ ಬಾ.”

“ಯಾಕಪ್ಪ, ದಣಿವಾಯ್ತಾ? ಕೂತ್ಕೋ. ಇನ್ನು ನಾಳೆ ಎಲ್ಲಿಗೂ ಹೋಗೋದಿಲ್ಲ ನೀನು.”

“ಕೂರೋದು ಆಮೇಲೆ.” ಅವನು ಅವಳನ್ನು ಬಾವಿಕಟ್ಟೆಯ ಆಚೆಗೆ ಕರೆದುಕೊಂಡು ಹೋದ. “ಮೇಸ್ತ್ರಿ ಸುಳ್ಳು ಹೇಳ್ತಾ ಇಲ್ಲ ಮಗಳೇ. ದೀಪ ತೆಗೆದಿದ್ದು ನಾನೇ.”

ಲುಸಿಂದಾ ಅವನ ಮುಖ ನೋಡಿದಳು. ತಮಾಷೆಯ ಮುಖವಲ್ಲ.

“ಚಿತ್ರ ಹೋಯ್ತು, ಚಿತ್ರ ಹೋಯ್ತು ಅಂತ ಬಡ್ಕೊಂಡೆ, ಒಬ್ಬ ತಿರುಗಿ ನೋಡ್ಲಿಲ್ಲ. ಗೋಡೆ ಕಾಯೋಕೆ ಯಾರು ಬರ್ತಾರೆ? ಬೆಳ್ಳಿ ಹೋದ್ರೆ ಪೊಲೀಸ್ರು ಬಂದೇ ಬರ್ತಾರೆ, ಗೋಡೆ ಮುಂದೆ ನಿಂತೇ ನಿಲ್ತಾರೆ, ಆಗ ನೋಡ್ತಾರೆ ಅಂತ ಇಳಿಸ್ದೆ. ಸರಪಳಿ ತುಂಡು ನನ್ನ ಚೀಲದಿಂದ ಬಿದ್ದಿದ್ದು.”

“ಯಾರಿಗೂ ಹೇಳಿಲ್ಲ ತಾನೇ?”

“ನಿನಗೇ ಮೊದಲು.”

“ಎಲ್ಲಿಟ್ಟೆ? ಈಗಲೇ ತಂದುಬಿಡೋಣ. ಎಲ್ಲೋ ಸಿಕ್ತು ಅಂತೀವಿ.”

“ನಿಮ್ಮಮ್ಮನ ಸಮಾಧಿಯ ಹಿಂದೆ, ಕಲ್ಲಿನ ಸಂದೀಲಿ. ಇವತ್ತು ಬೆಳಗ್ಗೆ ಹೋಗಿ ಕೈ ಹಾಕಿ ನೋಡ್ದೆ.” ಮುದುಕನ ಹಿಡಿತ ಬಿಗಿಯಾಯಿತು. “ಅಲ್ಲಿಲ್ಲ. ಯಾರೋ ಎತ್ಕೊಂಡು ಹೋಗಿದಾರೆ.”

“ದೋನಾ ಲುಸಿಂದಾ, ಎಲ್ಲೋದ್ರಿ?” ರೆಬೋಲು ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದ. ಕೈಯಲ್ಲಿ ಕಾಗದ, ಮುಖದಲ್ಲಿ ಜಿಂಜಾದ ಕೆಂಪು. “ಬರೆದಾಯ್ತು. ಚಿತ್ರವನ್ನೂ ದೀಪವನ್ನೂ ಕದ್ದವನು ಪಿಮೆಂತಾ, ನಿಮ್ಮ ತಂದೆ ನಿರಪರಾಧಿ ಅಂತ. ಇವತ್ತೇ ಕೋರ್ಟಿಗೆ ಮುಟ್ಟಿಸ್ತೀನಿ, ನಾಳೆ ಮಾವ ಮನೇಲಿ ಮಲಗಿರಲಿ. ಕಂಡುಹಿಡಿದವರು ನೀವು, ಸಾಕ್ಷಿ ರುಜು ನಿಮ್ಮದೇ ಬೇಕು.”

ಹಿಂದೆ ಊರಿಗೆ ಊರೇ ಅವಳ ಹೆಸರು ಹಿಡಿದು ಕೂಗುತ್ತಿತ್ತು. ಇಬ್ಬರು ಪೊಲೀಸರ ನಡುವೆ ವಾಹನ ಹತ್ತುತ್ತಿದ್ದ ವಲ್ದೆಮಾರ್ ಒಮ್ಮೆ ನಿಂತು, ಅವಳ ಕಡೆಗೇ ನೋಡಿದ.

ರೆಬೋಲು ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟ.